ಮೊಟ್ಟೆಯಣ್ಣನ ಬ್ರೇಕು

ಮಾವನ ಚಟ್ಟದ ಮುಂದಿನ ಬಲಕೊನೆಗೆ ಕೈ ಹಾಕಲು ಅಳಿಯ ಬಗ್ಗಿದ್ದ. ಇನ್ನೇನು ಮರ ಕೈಗೆ ತಾಕಬೇಕು, ಅಷ್ಟರಲ್ಲಿ ಚಿಕ್ಕಮಾವ ಅವನ ರಟ್ಟೆ ಹಿಡಿದು ಹಿಂದಕ್ಕೆಳೆದ.

“ನೀನು ಬೇಡ.”

ಒಳಕೋಣೆಯಿಂದ ಹಜಾರಕ್ಕೆ ನಾಲ್ಕಾರು ಹೆಜ್ಜೆಯ ದಾರಿ. ಅಷ್ಟು ದೂರ ಹೊರುವುದಕ್ಕೂ ಬೇಡವೇ ಎನ್ನುವ ಹಾಗೆ ಅಳಿಯ ತಲೆಯೆತ್ತಿ ನೋಡಿದ. ಚಿಕ್ಕಮಾವನ ಕಣ್ಣು ಕೆಂಡವಾಗಿತ್ತು. ಆಯುಷ್ಯವೆಲ್ಲ ಕತ್ತರಿ ಹಿಡಿದ ದರ್ಜಿಯ ಬೆರಳುಗಳು ಅವನವು. ಹಿಡಿದರೆ ಬಿಡುವ ಪೈಕಿಯಲ್ಲ.

“ಚಿಕ್ಕಮಾವಾ, ಜನ ನೋಡ್ತಿದಾರೆ.”

“ನೋಡ್ಲಿ. ನೋಡ್ಲಿ ಅಂತ್ಲೇ ಹೇಳ್ತಿರೋದು. ಚೆನ್ನಾಗಿ ಓಡ್ತಿದ್ದ ಕಾರು. ಹೊಸ ಬ್ರೇಕ್ ಪೈಪ್ ಹಾಕ್ತೀನಿ ಅಂತ ಅದಕ್ಕೆ ಕೈ ಹಾಕ್ದೋನು ನೀನು. ತಿಂಗಳು ತುಂಬಲಿಲ್ಲ, ಕಾರು ಗೋಡೆಗೆ, ಅಣ್ಣ ಚಟ್ಟಕ್ಕೆ. ಆ ಬ್ರೇಕನ್ನ ಇನ್ನೊಬ್ಬ ಗ್ಯಾರೇಜ್ ಮೇಸ್ತ್ರಿ ನೋಡಿ ಸರಿಯಿದೆ ಅನ್ನೋವರೆಗೂ ನಮ್ಮಣ್ಣನ ಭಾರ ನಿನ್ನ ಹೆಗಲ ಮೇಲೆ ಬೀಳಕೂಡದು. ಇಲ್ಲೂ ಅಷ್ಟೇ, ಹೊರಗೆ ಎತ್ತೋವಾಗ್ಲೂ ಅಷ್ಟೇ.”

“ಸಾವಿನ ಮನೇಲಿ ಇದೇನಪ್ಪಾ ಪಂಚಾಯ್ತಿ,” ಎಂದಳು ಪಕ್ಕದ ಮನೆಯ ಮುದುಕಿ.

“ಸಾವು ಹೇಗಾಯ್ತು ಅಂತ ಸಾವಿನ ಮನೇಲಿ ಕೇಳದೆ ಮದುವೆ ಮನೇಲಿ ಕೇಳಕ್ಕಾಗುತ್ತಾ ಅಜ್ಜಿ?”

ಅಳಿಯ ಬಾಗಿಲ ಕಡೆ ತಿರುಗಿದ. ಅವನ ಹೆಂಡತಿ ಚೌಕಟ್ಟಿಗೆ ಒರಗಿ ನಿಂತಿದ್ದಳು. ನಿನ್ನೆ ಸುದ್ದಿ ಬಂದ ಗಳಿಗೆಯಿಂದ ಅವಳು ಗಂಡನ ಜೊತೆ ಒಂದು ಮಾತೂ ಆಡಿರಲಿಲ್ಲ. ಈಗಲಾದರೂ ‘ಬಿಡಿ ಚಿಕ್ಕಪ್ಪಾ’ ಅನ್ನುತ್ತಾಳೆಂದು ಅವನು ಕಾದ. ಅವಳು ನೆಲ ನೋಡುತ್ತಲೇ ಹೇಳಿದಳು:

“ಚಿಕ್ಕಪ್ಪ ಹೇಳೋದು ಸರಿ. ನೋಡ್ಕೊಂಡು ಬನ್ನಿ.”

ಅತ್ತೆ ಮಾತ್ರ ಇದ್ಯಾವುದೂ ಕಿವಿಗೆ ಬೀಳಲಿಲ್ಲವೆಂಬಂತೆ ಗಂಡನ ಕಾಲ ಬಳಿ ಕೂತಿದ್ದಳು. ಆ ಕಾಲುಗಳಿಗೆ ದಪ್ಪ ಉಣ್ಣೆಯ ಕಾಲುಚೀಲ ತೊಡಿಸಿ, ಅದರ ಮೇಲೆ ಎರಡೂ ಕೈ ಇಟ್ಟಿದ್ದಳು.

ದೂರದಿಂದ ಸತ್ತವನ ತಂಗಿ ಬರಬೇಕಿತ್ತು. ಅವಳು ಬಂದ ಕೂಡಲೇ ಹೊರಗೆ ಎತ್ತುವುದು ಎಂದಾಗಿತ್ತು. ಅಷ್ಟರೊಳಗೆ ಹೋಗಿ ಬರಬೇಕು. ಅಳಿಯ ಚಪ್ಪಲಿ ಮೆಟ್ಟಿಕೊಂಡ. ಚಿಕ್ಕಮಾವ ಆಗಲೇ ಗೇಟು ದಾಟಿದ್ದ.

*

ಸತ್ತವನು ಊರಿಗೆಲ್ಲ ಮೊಟ್ಟೆಯಣ್ಣ. ಕೋಳಿಫಾರಮ್ಮಿನಿಂದ ಅಂಗಡಿಗಳಿಗೆ ಮೊಟ್ಟೆ ಸಾಗಿಸುವ ವ್ಯಾನು ಓಡಿಸಿಯೇ ಅವನು ಬದುಕು ಸವೆಸಿದ್ದ. ಬೇರೆ ಡ್ರೈವರುಗಳ ವ್ಯಾನಿನ ತಳದಲ್ಲಿ ಸಂಜೆಯ ಹೊತ್ತಿಗೆ ಹಳದಿ ಲೋಳೆ ಹರಿದಿರುತ್ತಿತ್ತು. ಇವನ ವ್ಯಾನಿನಲ್ಲಿ ಚಾಪೆ ಹಾಸಿ ಮಲಗಬಹುದಿತ್ತು. “ಇವನು ಬ್ರೇಕ್ ಹಾಕಿದ್ದು ಗಾಡಿಗೇ ಗೊತ್ತಾಗಲ್ಲ, ಇನ್ನು ಮೊಟ್ಟೆಗೇನು ಗೊತ್ತಾಗುತ್ತೆ” ಎಂದು ಫಾರಮ್ಮಿನವರು ನಗುತ್ತಿದ್ದರು. ದೇವರು ಒಬ್ಬನಿಗೆ ಕಂಠದಲ್ಲಿ ಕೊಡುತ್ತಾನೆ, ಒಬ್ಬನಿಗೆ ಕೈಯಲ್ಲಿ ಕೊಡುತ್ತಾನೆ. ಮೊಟ್ಟೆಯಣ್ಣನಿಗೆ ಕೊಟ್ಟಿದ್ದೆಲ್ಲ ಬಲಗಾಲಿನ ಅಂಗಾಲಿನಲ್ಲಿತ್ತು. ಹೆಸರು ಮಾಡಲಿಲ್ಲ, ಯಾರ ಹೆಸರನ್ನೂ ಕೆಡಿಸಲಿಲ್ಲ. ಫಾರಮ್ಮಿನ ಕೆಲಸ ಬಿಟ್ಟ ಮೇಲೆ ಹಳೆಯ ಕಾರೊಂದನ್ನು ಕೊಂಡು, ಬೆಳಗಾದರೆ ಮೊಮ್ಮಗಳನ್ನು ಸ್ಕೂಲಿಗೆ ಬಿಟ್ಟು ಬರುವುದನ್ನೇ ಡ್ಯೂಟಿ ಮಾಡಿಕೊಂಡಿದ್ದ. ಆ ಹೊತ್ತಿಗೆ ಕ್ಷೌರ ಮಾಡಿಕೊಂಡು, ಇಸ್ತ್ರಿಯ ಅಂಗಿ ಹಾಕಿಕೊಂಡು, ಮಂತ್ರಿಯನ್ನು ಕರೆದೊಯ್ಯುವವನ ಹಾಗೆ ನಿಂತಿರುತ್ತಿದ್ದ.

ನಿನ್ನೆಯೂ ಮಗುವನ್ನು ಬಿಟ್ಟು ವಾಪಸು ಬರುತ್ತಿದ್ದ. ಮರ ಕೊಯ್ಯುವ ಮಿಲ್ಲಿನ ತಿರುವಿನಲ್ಲಿ ಕಾರು ತಿರುಗಲಿಲ್ಲ, ನಿಲ್ಲಲೂ ಇಲ್ಲ. ನೇರ ಹೋಗಿ ಕಲ್ಲಿನ ಗೋಡೆಗೆ ಹೊಡೆಯಿತು. ಸ್ಟೇರಿಂಗು ಎದೆಗೆ ಬಡಿದಿತ್ತು. ಮಿಲ್ಲಿನವರು ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಚಿಕ್ಕಮಾವ ಮುಂದೆ, ಅಳಿಯ ಹಿಂದೆ ನಡೆದರು. ರಾತ್ರಿಯೆಲ್ಲ ಅಳಿಯ ತನ್ನ ಕೆಲಸವನ್ನು ಮನಸ್ಸಿನಲ್ಲೇ ಬಿಚ್ಚಿ ಮತ್ತೆ ಜೋಡಿಸಿದ್ದ. ಪ್ರತಿಸಲವೂ ಒಂದೇ ಜಾಗದಲ್ಲಿ ಬಂದು ಕೈ ನಿಲ್ಲುತ್ತಿತ್ತು.

*

“ಪೆಡಲ್ ಸಪ್ಪೆಯಾಗಿದೆ ಕಣಯ್ಯ,” ಎಂದಿದ್ದ ಮಾವ, ಪೈಪು ಬದಲಿಸಿದ ಆ ದಿನ, ಗ್ಯಾರೇಜಿನ ಬಾಗಿಲಲ್ಲೇ ನಿಂತು.

“ಸಪ್ಪೆ ಅಂದ್ರೆ? ಒತ್ತಿದ್ರೆ ಪೂರ್ತಿ ಒಳಗೆ ಹೋಗ್ತಿದ್ಯಾ ಮಾವ?”

“ಹಾಗೇನಿಲ್ಲ. ಗಾಡಿ ನಿಲ್ಲುತ್ತೆ. ಆದ್ರೆ ಪೆಡಲ್ ಮಾತಾಡ್ತಿಲ್ಲ. ಮೊದ್ಲೆಲ್ಲ ಕಾಲಿಟ್ರೆ ಸಾಕು, ಚಕ್ರದ ಸುದ್ದಿಯೆಲ್ಲ ಹೇಳೋದು. ಕೆಳಗೆ ಮರಳಿದೆಯೋ, ನೀರಿದೆಯೋ, ಒಣಗಿದೆಲೆ ಬಿದ್ದಿದೆಯೋ. ಈಗ ಮುನಿಸ್ಕೊಂಡ ಹೆಂಡ್ತಿ ಥರ ಕೂತಿದೆ.”

ಅಳಿಯ ಚಕ್ರ ಬಿಚ್ಚಿ ನೋಡಿದ. ಬ್ರೇಕ್ ಆಯಿಲ್ ನೋಡಿದ. ಒಳಗೆ ಗಾಳಿ ಸೇರಿದೆಯೋ ಎಂದು ನೋಡಿದ. ಎಲ್ಲ ಸರಿಯಿತ್ತು. ಆದರೆ ಗಾಡಿಯಲ್ಲಿ ದೋಷ ಸಿಗಲಿಲ್ಲವೆಂದರೆ ದೋಷವಿಲ್ಲ ಎಂದಲ್ಲ, ಇನ್ನೂ ಸರಿಯಾಗಿ ಹುಡುಕಿಲ್ಲ ಎಂದೇ ಮೇಸ್ತ್ರಿಗಳ ನಂಬಿಕೆ.

“ರಬ್ಬರ್ ಪೈಪಿನ ಕಥೆ ಇರ್ಬೇಕು ಮಾವ. ಹಳೇದಾದ್ರೆ, ನೀವು ಒತ್ತಿದಾಗ ಅದು ಕೆನ್ನೆ ಊದಿಸ್ಕೊಳ್ಳುತ್ತೆ. ನಿಮ್ಮ ಕಾಲಿನ ಬಲ ಆ ಕೆನ್ನೇಲೇ ಉಳ್ಕೊಳ್ಳುತ್ತೆ. ಸ್ಟೀಲ್ ತಂತಿ ಹೆಣೆದ ಪೈಪ್ ಸಿಗುತ್ತೆ. ಅದು ಊದಲ್ಲ. ನೀವು ಒತ್ತಿದ್ದು ಒತ್ತಿದ ಹಾಗೇ ಚಕ್ರಕ್ಕೆ ಹೋಗುತ್ತೆ. ಚಕ್ರದ್ದು ವಾಪಸ್ ನಿಮ್ಮ ಕಾಲಿಗೆ ಬರುತ್ತೆ.”

“ಬರುತ್ತಾ?” ಮಾವ ಒಳಗೆ ಬಂದು ಅಳಿಯನ ಭುಜ ಹಿಡಿದ. “ಖಂಡಿತಾ ಬರುತ್ತಾ?”

ಒಂದು ಪೈಪಿಗೆ ಇಷ್ಟು ಆಸೆಯೇ ಎಂದು ಅಳಿಯನಿಗೆ ನಗು ಬಂದಿತ್ತು.

ಪೈಪಿನ ತುದಿ ಚಕ್ರಕ್ಕೆ ಸೇರುವಲ್ಲಿ ತಾಮ್ರದ ವಾಷರು ಕೂರಬೇಕು. ಒಮ್ಮೆ ಬಿಗಿದ ವಾಷರು ಜಜ್ಜಿ ಗಟ್ಟಿಯಾಗುತ್ತದೆ; ಅದನ್ನೇ ಮತ್ತೆ ಹಾಕಿದರೆ ಆಯಿಲ್ ಸೋರಬಹುದು, ಬ್ರೇಕು ಕೈಕೊಡಬಹುದು. ಹೊಸ ಪೊಟ್ಟಣದಲ್ಲಿ ಒಂದು ವಾಷರು ಕಡಿಮೆಯಿತ್ತು. ಅಂಗಡಿ ಮುಚ್ಚಿತ್ತು. ಮಾವನಿಗೋ ಅವಸರ, ಬೆಳಗಾದರೆ ಮೊಮ್ಮಗಳ ಸ್ಕೂಲು. ಹಳೆಯ ವಾಷರನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿದರೆ ತಾಮ್ರ ಮತ್ತೆ ಮೆತ್ತಗಾಗುತ್ತದೆ. ಹಿಂದಿನ ಮೇಸ್ತ್ರಿಗಳೆಲ್ಲ ಹಾಗೆಯೇ ಮಾಡುತ್ತಿದ್ದರು. ಅಳಿಯನೂ ಮಾಡಿದ. ನಿನ್ನೆಯಿಂದ ಆ ವಾಷರು ಅವನ ಎದೆಯೊಳಗೆ ಕಾಯುತ್ತಿತ್ತು.

*

ಕಾರನ್ನು ಎಳೆದು ತಂದು ಊರಿನ ಇನ್ನೊಂದು ಗ್ಯಾರೇಜಾದ ಕೆಂಪು ಶೆಡ್ಡಿನಲ್ಲಿ ನಿಲ್ಲಿಸಿದ್ದರು. ಆ ಶೆಡ್ಡಿನ ಮೇಸ್ತ್ರಿಗೂ ಅಳಿಯನಿಗೂ ಎಣ್ಣೆ ಸೀಗೆಕಾಯಿ. ಚಿಕ್ಕಮಾವ ಬೇಕೆಂದೇ ಅವನನ್ನು ಆರಿಸಿದ್ದ.

“ಮೊಟ್ಟೆಯಣ್ಣನ ಕಾರಿಗೆ ಸ್ಟೀಲ್ ಪೈಪು! ರೇಸಿಗೆ ಕಳಿಸ್ತೀಯೇನಯ್ಯ ಅಂತ ಅವತ್ತೇ…” ಎಂದು ಶುರುಮಾಡಿದ ಕೆಂಪು ಶೆಡ್ಡಿನವನು, ಚಿಕ್ಕಮಾವನ ಮುಖ ನೋಡಿ ಉಳಿದದ್ದನ್ನು ನುಂಗಿಕೊಂಡ.

ಕಾರಿನ ಎಡಮೂತಿ ಹಪ್ಪಳವಾಗಿತ್ತು. ಕೆಂಪು ಶೆಡ್ಡಿನವನು ಕೆಳಗೆ ನುಸುಳಿದ. ಹೊರಗೆ ಅವನ ಕಾಲೆರಡೇ ಕಾಣುತ್ತಿದ್ದವು. ಒಳಗಿನಿಂದ ಬಟ್ಟೆ ಉಜ್ಜುವ ಸದ್ದು. ಅಳಿಯ ಗೋಡೆಗೆ ಕೈಕೊಟ್ಟು ನಿಂತ.

“ಹಳೇ ವಾಷರ್ ಹಾಕಿದ್ದೀಯ ಒಂದು ಕಡೆ.”

“ಕಾಯ್ಸಿ ಹಾಕಿದೀನಿ.”

“ಹೂಂ.”

ಆ ‘ಹೂಂ’ ಹೇಗೆ ಬೇಕಾದರೂ ಅರ್ಥವಾಗುವಂತಿತ್ತು. ಚಿಕ್ಕಮಾವ ಅಳಿಯನನ್ನೇ ದಿಟ್ಟಿಸಿದ. ಕೆಂಪು ಶೆಡ್ಡಿನವನು ಹೊರಗೆ ಬಂದು, ಬಿಳಿ ಬಟ್ಟೆಯ ಚೂರನ್ನು ಬೆಳಕಿಗೆ ಹಿಡಿದ. ಬರೀ ಧೂಳು. ಆಯಿಲಿನ ಪಸೆಯಿಲ್ಲ. ಬಾನೆಟ್ಟು ಬಗ್ಗಿಸಿ ತೆಗೆದು ಡಬ್ಬಿ ನೋಡಿದ. ಆಯಿಲು ಗೆರೆಗೆ ಸಮನಾಗಿತ್ತು. ಆಮೇಲೆ ಬಲಚಕ್ರಕ್ಕೆ ಜಾಕು ಕೊಟ್ಟು ಎತ್ತಿದ.

“ಯಜಮಾನ್ರೇ, ನೀವೇ ಒಳಗೆ ಕೂತು ಒತ್ತಿ. ಆಮೇಲೆ ಮೇಸ್ತ್ರಿ ಮೇಸ್ತ್ರಿ ಒಂದಾದ್ರು ಅನ್ಬೇಡಿ. ಹೊಲಿಗೆ ಮೆಷಿನ್ ತುಳಿದ ಕಾಲಲ್ವಾ, ನಿಮಗೆ ಹೇಳಿಕೊಡ್ಬೇಕಾ.”

ಚಿಕ್ಕಮಾವ ಅಣ್ಣ ಕೂತಿದ್ದ ಜಾಗದಲ್ಲಿ ಕೂತ. ಕೆಂಪು ಶೆಡ್ಡಿನವನು ಚಕ್ರವನ್ನು ರಭಸದಿಂದ ತಿರುಗಿಸಿ, “ಒತ್ತಿ!” ಎಂದ.

ಚಕ್ರ ಗಕ್ಕನೆ ನಿಂತಿತು.

“ಬಿಡಿ. ಇನ್ನೊಂದ್ಸಲ.”

ಮತ್ತೆ ನಿಂತಿತು. ಮೂರನೆಯ ಸಲವೂ.

“ಕಲ್ಲು ತುಳಿದ ಹಾಗಿದೆ,” ಎಂದ ಚಿಕ್ಕಮಾವ. ಅವನ ದನಿ ಬದಲಾಗಿತ್ತು.

“ಬ್ರೇಕು ಬಂಗಾರ,” ಎಂದ ಕೆಂಪು ಶೆಡ್ಡಿನವನು, ಬೇಸರದಿಂದಲೇ. “ಹೊಟ್ಟೆಕಿಚ್ಚು ಪಕ್ಕಕ್ಕಿಟ್ಟು ಹೇಳ್ತಿದೀನಿ, ಕೆಲಸದಲ್ಲಿ ಕೂದಲೆಳೆ ತಪ್ಪಿಲ್ಲ.”

ದೇವರೇ, ಎಂದುಕೊಂಡ ಅಳಿಯ.

“ಆದ್ರೆ ಒಂದು,” ಎಂದು ಕೆಂಪು ಶೆಡ್ಡಿನವನು ತಲೆ ಕೆರೆದುಕೊಂಡ. “ಗಾಡಿ ಎಳ್ಕೊಂಡು ಬಂದೋನು ನಾನೇ. ರಸ್ತೆ ಮೇಲೆ ಟೈರು ಉಜ್ಜಿದ ಗುರುತೇ ಇರ್ಲಿಲ್ಲ. ಒತ್ತಿದ್ರೆ ನಿಲ್ತಿತ್ತು. ಒತ್ತೇ ಇಲ್ಲ.”

ಚಿಕ್ಕಮಾವ ಸೀಟಿನಿಂದ ಏಳಲಿಲ್ಲ. ಬಾಗಿದ ಸ್ಟೇರಿಂಗಿನ ಮೇಲೆ ಕೈಯಿಟ್ಟು ಹಾಗೇ ಕೂತಿದ್ದ.

“ಸ್ವಲ್ಪ ಆಚೆ ಇರ್ತೀಯೇನಪ್ಪಾ,” ಎಂದ ಕೆಂಪು ಶೆಡ್ಡಿನವನಿಗೆ. ಅವನು ಹೋದ ಮೇಲೆ ಅಳಿಯನ ಕಡೆ ನೋಡದೆ ಹೇಳತೊಡಗಿದ. “ಹೋದ ಭಾನುವಾರ ಊಟಕ್ಕೆ ಕೂತಾಗ ಅಂದುಬಿಟ್ಟೆ ಕಣೋ. ‘ಗಾಡಿ ಮಾರಿ ಮೂಲೇಲಿ ಕೂತ್ಕೋ, ನಿನ್ನ ಕಾಲ ಮುಗೀತು, ಯಾರಿಗೆ ಬೇಕು ನಿನ್ನ ಡ್ರೈವಿಂಗು’ ಅಂತ. ತಮಾಷೆಗೆ ಶುರುಮಾಡಿದ್ದು, ಎಲ್ಲಿಗೋ ಹೋಯ್ತು. ತಟ್ಟೆ ಬಿಟ್ಟು ಎದ್ದ. ಆಮೇಲೆ ನನ್ನ ಹತ್ರ ಮಾತಾಡ್ಲಿಲ್ಲ.” ಈಗ ಅಳಿಯನ ಕಡೆ ತಿರುಗಿದ. “ಒತ್ತೇ ಇಲ್ಲ ಅಂದ್ರೆ ಏನರ್ಥ?”

“ಹಾಗೆಲ್ಲ ಅಂದ್ಕೋಬೇಡಿ ಚಿಕ್ಕಮಾವಾ.”

“ಇನ್ನೇನು ಅಂದ್ಕೊಳ್ಳಲಿ? ಅತ್ತಿಗೆ ಏನು ಅಂದ್ಕೋತಾರೆ? ಅವನ ಮಗಳು ಏನು ಅಂದ್ಕೋತಾಳೆ? ಬೇಕಂತಲೇ ಹೋಗಿ ಗುದ್ದಿದ ಅಂತ ಗೊತ್ತಾದ್ರೆ ಅವರು ಬದುಕ್ತಾರಾ?” ಅವನು ಇಳಿದು ಬಂದು ಅಳಿಯನ ಎರಡೂ ಕೈ ಹಿಡಿದುಕೊಂಡ. “ಕೈ ಮುಗೀತೀನಿ ಅಳಿಯ. ಬ್ರೇಕು ಹೋಗಿತ್ತು ಅಂತ್ಲೇ ಇರ್ಲಿ. ನೀನು ಗಟ್ಟಿ ಪಿಂಡ, ತಡ್ಕೋತೀಯ.”

“ಬೆಳಿಗ್ಗೆ ಈ ಹೆಗಲು ಬೇಡ ಅಂದ್ರಿ,” ಎಂದ ಅಳಿಯ. “ಈಗ ಅದೇ ಹೆಗಲ ಮೇಲೆ ಇದನ್ನ ಇಡ್ತೀರಾ?”

ಚಿಕ್ಕಮಾವ ಕಣ್ಣೊರೆಸಿಕೊಂಡು ರಸ್ತೆಗೆ ನಡೆದ.

ಅಳಿಯ ಒಂದು ಗಳಿಗೆ ಹಿಂದೆ ಉಳಿದ. ಯಾಕೆಂದು ಅವನಿಗೇ ತಿಳಿಯದೆ ಚಪ್ಪಲಿ ಬಿಟ್ಟು, ಎತ್ತಿದ್ದ ಚಕ್ರವನ್ನು ಜೋರಾಗಿ ತಿರುಗಿಸಿ, ಕಾರಿನಲ್ಲಿ ಕೂತು, ಪೆಡಲಿನ ಮೇಲೆ ಬರಿಗಾಲಿಟ್ಟ. ಮೆಲ್ಲಗೆ ಒತ್ತಿದ. ಚಕ್ರ ಇನ್ನೂ ನಿಧಾನವಾಗಿ ಸುತ್ತುತ್ತಿತ್ತು. ಅದು ಹಿಡಿತಕ್ಕೆ ಸಿಕ್ಕಿ, ನವಿರಾಗಿ ಉಜ್ಜಿ, ನಿಂತದ್ದು ಅಂಗಾಲಿಗೆ ತಿಳಿಯಿತು. ಪೆಡಲು ಮಾತಾಡುತ್ತಿತ್ತು. ಇಷ್ಟು ಸ್ಪಷ್ಟವಾಗಿ ಮಾತಾಡುವ ಇನ್ನೊಂದು ಪೆಡಲನ್ನು ಅವನು ತನ್ನ ಗ್ಯಾರೇಜಿನಲ್ಲಿ ಕಂಡಿರಲಿಲ್ಲ.

ಹಾಗಾದರೆ ಮಾವನಿಗೆ ಯಾಕೆ ಕೇಳಿಸಲಿಲ್ಲ?

*

ವಾಷರು ಕಾಯಿಸುವಾಗ ಇಕ್ಕಳ ಜಾರಿತ್ತು. ಕೆಂಪಗೆ ಕಾದ ವಾಷರು ನೆಲದ ಮೇಲೆ ಉರುಳಿತ್ತು. ಮಾವ ಶೂ ಬಿಚ್ಚಿಟ್ಟು ಬರಿಗಾಲಲ್ಲಿ ಓಡಾಡುತ್ತಿದ್ದ. ಪೆಡಲನ್ನು ಬರಿಗಾಲಲ್ಲೇ ನೋಡಬೇಕೆಂದು ಅವನ ಹಟ. ಅಳಿಯ ವಾಷರು ಹುಡುಕಲು ಬಗ್ಗಿದಾಗ ಚರ್ಮ ಸುಟ್ಟ ವಾಸನೆ ಬಂತು.

“ಮಾವಾ! ಕಾಲು!”

ಮಾವ ಮೊದಲು ಅಳಿಯನ ಮುಖ ನೋಡಿದ. ಆಮೇಲೆ ಅಳಿಯ ಎಲ್ಲಿ ನೋಡುತ್ತಿದ್ದಾನೆಂದು ನೋಡಿದ. ಕಾಲೆತ್ತಿದ್ದು ಅದಾದ ಮೇಲೆ.

“ಮೊಟ್ಟೆ ಗಾಡಿ ತುಳಿದ ಕಾಲು ಕಣಯ್ಯ, ಚರ್ಮ ದಪ್ಪ,” ಎಂದು ನಕ್ಕು, ಶೂ ಹಾಕಿಕೊಂಡಿದ್ದ. ಅಳಿಯನೂ ನಕ್ಕು, ವಾಷರನ್ನು ಮತ್ತೆ ಬೆಂಕಿಗೆ ಹಿಡಿದಿದ್ದ.

ಕೆಲಸ ಮುಗಿದ ಮೇಲೆ ಇಬ್ಬರೂ ಒಂದು ಸುತ್ತು ಹೋಗಿ ಬಂದರು. “ಈಗ ಮಾತಾಡುತ್ತಾ ಮಾವ?” ಎಂದು ಅಳಿಯ ಕೇಳಿದ್ದ. ಮಾವ ಪೆಡಲಿನ ಮೇಲಿದ್ದ ತನ್ನ ಕಾಲನ್ನೇ ಬಗ್ಗಿ ನೋಡುತ್ತಿದ್ದ, ಅದು ಎಲ್ಲಿದೆ ಎಂದು ಕಣ್ಣಿನಿಂದ ತಿಳಿಯಬೇಕೆಂಬಂತೆ.

“ನಿನ್ನ ಕೆಲಸದಲ್ಲಿ ತಪ್ಪಿಲ್ಲಪ್ಪ,” ಎಂದಿದ್ದ ಕೊನೆಗೆ.

ಬೇರೆ ಯಾರಾದರೂ ಆಗಿದ್ದರೆ ಮೊದಲು ಕಾಲನ್ನು ನೋಡುತ್ತಿದ್ದರು. ಅಳಿಯ ಮೇಸ್ತ್ರಿ, ಅವನು ಕಾರನ್ನು ನೋಡಿದ್ದ.

*

ಅಳಿಯ ಮನೆ ಸೇರುವಷ್ಟರಲ್ಲಿ ಸತ್ತವನ ತಂಗಿ ಬಂದು ಅತ್ತು ಮುಗಿದಿತ್ತು. ಚಟ್ಟ ಅಂಗಳಕ್ಕೆ ಬಂದಿತ್ತು. ಜನ ಸುತ್ತ ನಿಂತಿದ್ದರು. ಚಿಕ್ಕಮಾವ ಮುಂದಿನ ಎಡಕೊನೆಯಲ್ಲಿ ತಲೆ ತಗ್ಗಿಸಿ ನಿಂತಿದ್ದ.

ದಾರಿಯುದ್ದಕ್ಕೂ ಅಳಿಯ ಲೆಕ್ಕ ಹಾಕಿದ್ದ. ಬ್ರೇಕು ಸರಿಯಿತ್ತು ಎಂದಷ್ಟೇ ಹೇಳಿದರೆ ಮಾವ ತಾನಾಗಿ ಸಾಯಹೊರಟ ಎಂದಾಗುತ್ತದೆ. ಕಾಲಿಗೆ ಸ್ಪರ್ಶವಿರಲಿಲ್ಲ, ಬ್ರೇಕೆಂದುಕೊಂಡು ಪಕ್ಕದ ಆಕ್ಸಿಲರೇಟರನ್ನು ತುಳಿದಿರಬೇಕು ಎಂದರೆ, ಅಂಥ ಕಾಲಿಟ್ಟುಕೊಂಡು ದಿನಾ ಬೆಳಿಗ್ಗೆ ಮೊಮ್ಮಗಳನ್ನು ಕೂರಿಸಿಕೊಂಡು ಓಡಿಸಿದ ಎಂದಾಗುತ್ತದೆ. ಒಂದು ಮೊಟ್ಟೆಯನ್ನೂ ಒಡೆಯದವನು! ಮಗಳಿಗೆ ಇನ್ನು ಅಪ್ಪನ ನೆನಪೇ ಮುಳ್ಳಾಗುತ್ತದೆ. ಮಾವನ ಹೆಸರು ಕೆಡದೆ ಉಳಿಯುವ ದಾರಿ ಒಂದೇ ಇತ್ತು.

“ನೋಡಿದ್ರಾ?” ಎಂದಳು ಹೆಂಡತಿ. “ಚಿಕ್ಕಪ್ಪ ಬಾಯೇ ಬಿಡ್ತಿಲ್ಲ. ನೀವು ಹೇಳಿ. ಏನಾಗ್ಬಿಟ್ಟಿತ್ತು?”

ಅಳಿಯ ಅತ್ತೆಯ ಕಡೆ ನೋಡಿದ. ಅವಳು ಚಟ್ಟದ ಕಾಲಕಡೆ ಕೂತು, ಜಾರಿರದ ಕಾಲುಚೀಲವನ್ನು ಮೇಲಕ್ಕೆ ಎಳೆಯುತ್ತಿದ್ದಳು. ಅವನ ನೋಟ ತಾಕಿದ್ದೇ ಕೈ ನಿಂತಿತು. ಇಬ್ಬರ ಕಣ್ಣೂ ಕೂಡಿದವು. ಅತ್ತೆ ತಲೆಯನ್ನು ಆಡಿಸಿದಳೋ ಇಲ್ಲವೋ ಎಂಬಷ್ಟು ಮೆಲ್ಲಗೆ ಆಡಿಸಿದಳು: ಬೇಡ.

ಅವಳಿಗೆ ಗೊತ್ತಿತ್ತು.

“ಬ್ರೇಕು ಹೋಗಿತ್ತು,” ಎಂದ ಅಳಿಯ. “ಹಳೇ ವಾಷರ್ ಒಂದು ಹಾಕಿದ್ದೆ. ಅದು ಸೋರಿದೆ. ನನ್ನ ಕೈಯಿಂದಾದ ತಪ್ಪು.”

ಹೆಂಡತಿ ಅವನ ಹತ್ತಿರ ಬಂದಳು. ಹೊಡೆಯುತ್ತಾಳೆ ಎಂದುಕೊಂಡ. ಹೊಡೆದಿದ್ದರೆ ಚೆನ್ನಾಗಿತ್ತು.

“ನಮ್ಮ ಮಗು ಆ ಗಾಡೀಲಿ ಕೂತಿತ್ತು ಕಣ್ರೀ.”

“ಗೊತ್ತು.”

“ದಿನಾ ಕೂತಿತ್ತು.”

“ಗೊತ್ತು ಕಣೇ.”

“ಗೇಟಿನ ಆಚೆ ನಿಂತ್ಕೊಳ್ಳಿ. ಅಪ್ಪನ್ನ ಮುಟ್ಬೇಡಿ.”

ಜನ ದಾರಿ ಬಿಟ್ಟರು. ಅವನು ಗೇಟಿನ ಆಚೆ ಹೋಗಿ ಗೋಡೆಯ ಪಕ್ಕ ನಿಂತ. ಕೊನೆಯ ದರ್ಶನಕ್ಕೆಂದು ಕೈಕಾಲು ತೊಳೆದು ಬಂದಿದ್ದ ಕೆಂಪು ಶೆಡ್ಡಿನವನು ಅಲ್ಲೇ ಇದ್ದ.

“ಏನಯ್ಯಾ, ಒಳ್ಳೇ ಬ್ರೇಕನ್ನ ಕೆಟ್ಟದ್ದು ಅಂತೀಯಲ್ಲ, ತಲೆ ನೆಟ್ಟಗಿದ್ಯಾ?” ಎಂದು ಪಿಸುಗುಟ್ಟಿದ. “ನಾಳೆಯಿಂದ ನಿನ್ನ ಗ್ಯಾರೇಜಿಗೆ ನಾಯೀನೂ ಬರಲ್ಲ.”

“ನಿಂಗೇ ಲಾಭ ಬಿಡು.”

“ಥೂ, ಇಂಥ ಲಾಭ ಯಾರಪ್ಪನಿಗೆ ಬೇಕು!”

ಒಳಗೆ ಹೆಗಲು ಕೊಡುವವರು ಬಗ್ಗಿದರು. ಅಳಿಯನ ಕೊನೆಗೆ ಮಿಲ್ಲಿನವನೊಬ್ಬ ಬಂದಿದ್ದ. “ಹೂಂ, ಎತ್ತಿ,” ಎಂದರು ಯಾರೋ. ಚಟ್ಟ ಮೇಲೆದ್ದಿತು. ಒಂದು ಮೂಲೆ ಮಾತ್ರ ಏಳಲಿಲ್ಲ. ಅದು ಚಿಕ್ಕಮಾವನ ಮೂಲೆ. ಮತ್ತೊಮ್ಮೆ ಎತ್ತಿದರು. ಮತ್ತೊಮ್ಮೆ ಆ ಮೂಲೆ ಕುಸಿಯಿತು.

“ಇಳಿಸಿ,” ಎಂದಳು ಅತ್ತೆ.

“ಏನಿಲ್ಲ ಅತ್ತಿಗೆ, ಕೈ ಜಾರ್ತು, ಈಗ…”

“ಇಳಿಸಿ ಅಂದೆ.”

ಇಳಿಸಿದರು. ಅತ್ತೆ ಮಂಡಿಯೂರಿ ಕೂತು ಗಂಡನ ಬಲಗಾಲಿನ ಕಾಲುಚೀಲವನ್ನು ಹಿಮ್ಮಡಿಯಿಂದ ಬಿಡಿಸಿ ಎಳೆದಳು. ಮಗುವಿನ ಕಾಲಿನಿಂದ ತೆಗೆಯುವಷ್ಟು ಮೆಲ್ಲಗೆ. ಅಂಗಾಲು ಹೊರಗೆ ಬಂತು. ಹತ್ತಿರವಿದ್ದವರು ಮುಖ ತಿರುಗಿಸಿದರು.

“ಬಾ ಇಲ್ಲಿ,” ಎಂದು ಮಗಳನ್ನು ಕರೆದಳು. “ನೋಡು. ಇದು ಮೊಳೆ. ಚುಚ್ಚಿಕೊಂಡೇ ಮನೆಯೆಲ್ಲ ಓಡಾಡಿದಾರೆ, ನೆಲದ ಮೇಲೆ ರಕ್ತ ನೋಡಿ ನಾನು ಕೂಗ್ದೆ. ಇದು ಬಿಸಿನೀರು. ಇದೇನೋ ದುಂಡಗೆ ಸುಟ್ಟಿದೆ, ಕೇಳಿದ್ರೆ ಹೇಳ್ಲಿಲ್ಲ. ಕಾಲು ಸತ್ತು ಹೋಗಿತ್ತಮ್ಮ. ಮನುಷ್ಯ ಸಾಯೋಕೆ ಮುಂಚೇನೇ ಕಾಲು ಸತ್ತಿತ್ತು. ದಿನಾ ರಾತ್ರಿ ದೀಪ ಹಿಡಿದು ನಾನೇ ನೋಡ್ತಿದ್ದೆ, ಇವತ್ತೇನು ಗಾಯ ಆಗಿದೆ ಅಂತ.”

“ಅಮ್ಮಾ…”

“ಅದು ಪೆಡಲಿನ ದೋಷ ಅಂತ ಅವರು. ಕಾಲಿಂದು ಅಂತ ಒಪ್ಪಲೇ ಇಲ್ಲ. ಪೈಪು ಬದಲಾಯಿಸಿದ್ರೆ ಮತ್ತೆ ಬರುತ್ತಂತೆ ಕಣೆ, ಅಳಿಯ ಹೇಳಿದಾನೆ ಅಂದ್ರು. ನಾನೂ ನಂಬಿದೆ.”

“ಗೊತ್ತಿದ್ದೂ ಮಗೂನ ಕಳಿಸ್ತಿದ್ಯಾ?”

ಅತ್ತೆ ಮಗಳ ಮುಖವನ್ನು ನೇರವಾಗಿ ನೋಡಿದಳು. “ಕಳಿಸ್ತಿದ್ದೆ. ಬಾಗಿಲಲ್ಲಿ ನಿಂತು, ವಾಪಸ್ ಬರೋವರೆಗೂ ದೇವರನ್ನ ಕರೀತಿದ್ದೆ. ಇವತ್ತು ಹೇಳ್ತೀನಿ, ನಾಳೆ ಹೇಳ್ತೀನಿ ಅಂತ. ಹೇಳಿದ್ರೆ ನೀವೆಲ್ಲ ಕೀಲಿ ಕಿತ್ಕೋತೀರ. ಕಿತ್ಕೋಬೇಕಾಗಿತ್ತು. ಕಿತ್ಕೊಂಡ್ರೆ ಆ ಮನುಷ್ಯ ಬೆಳಿಗ್ಗೆ ಯಾಕೆ ಏಳ್ಬೇಕು?”

ಆಮೇಲೆ ಮೈದುನನ ಕಡೆ ತಿರುಗಿದಳು. “ನೀನೂ ಕೇಳಿಸ್ಕೋ. ಭಾನುವಾರ ತಟ್ಟೆ ಬಿಟ್ಟು ಎದ್ದದ್ದು ನಿನ್ನ ಮೇಲಿನ ಸಿಟ್ಟಿಗಲ್ಲ. ಎಲ್ಲಿ ಗುಟ್ಟು ಗೊತ್ತಾಯ್ತೋ ಅಂತ ಹೆದರಿ. ನಿನ್ನೆ ಕೂಡ ನಿಲ್ಲಿಸ್ತಿದೀನಿ ಅಂದ್ಕೊಂಡೇ ಹೋಗಿರ್ತಾರೆ ನಿಮ್ಮಣ್ಣ.”

ಚಿಕ್ಕಮಾವ ಅಲ್ಲೇ ನೆಲದ ಮೇಲೆ ಕುಸಿದು, ಅಣ್ಣನ ಬರಿಗಾಲಿಗೆ ಹಣೆ ಹಚ್ಚಿ, ಬಾಯಿ ಬಿಟ್ಟು ಅತ್ತ.

“ಅಳಿಯಂದ್ರೇ,” ಅತ್ತೆಯ ದನಿ ಗೇಟು ದಾಟಿ ಬಂತು. “ಒಳಗೆ ಬನ್ನಿ. ಬೇಡ ಅಂದೋಳು ನಾನೇ, ಬನ್ನಿ ಅಂತಿರೋಳೂ ನಾನೇ. ಸತ್ತೋರ ಮಾನಕ್ಕೆ ಬದುಕಿರೋನು ತನ್ನ ಮಾನ ಕೊಡ್ಬೇಕು ಅನ್ನೋಷ್ಟು ದೊಡ್ಡೋರಲ್ಲ ಅವರು. ಮೊಟ್ಟೆ ಗಾಡಿ ಓಡಿಸ್ತಿದ್ದೋರು.”

ಅಳಿಯ ಅಲುಗಲಿಲ್ಲ. ಕೆಂಪು ಶೆಡ್ಡಿನವನು ಅವನ ಬೆನ್ನಿಗೆ ಕೈಯಿಟ್ಟು ಒಳಕ್ಕೆ ತಳ್ಳಿದ.

ಹೆಂಡತಿ ಅಂಗಳದಲ್ಲಿರಲಿಲ್ಲ. ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಳು. ಒಳಗೆ ನಲ್ಲಿ ಸುರಿಯುವ ಸದ್ದು ಬಹಳ ಹೊತ್ತು ಕೇಳಿತು. ಯಾರೂ ಅವಳನ್ನು ಕರೆಯುವ ಧೈರ್ಯ ಮಾಡಲಿಲ್ಲ. ಅತ್ತೆ ಕಾಲುಚೀಲವನ್ನು ಮಡಚಿ ಮಡಿಲಲ್ಲಿಟ್ಟುಕೊಂಡಳು; ಮತ್ತೆ ತೊಡಿಸಲಿಲ್ಲ.

ಮಿಲ್ಲಿನವನು ಪಕ್ಕಕ್ಕೆ ಸರಿದ. ಅಳಿಯ ಮುಂದಿನ ಬಲಕೊನೆಗೆ ಬಂದು ನಿಂತ. ಎಡಕೊನೆ ಖಾಲಿಯಿತ್ತು. ಚಿಕ್ಕಮಾವನನ್ನು ಇಬ್ಬರು ಹಿಡಿದು ಕೂರಿಸಿಕೊಂಡಿದ್ದರು.

“ಇನ್ನೊಬ್ರು ಬನ್ರಪ್ಪಾ,” ಎಂದಿತು ಒಂದು ದನಿ. ಕೆಂಪು ಶೆಡ್ಡಿನವನು ತೋಳು ಏರಿಸುತ್ತ ಮುಂದೆ ಬಂದ.

ಆಗ ಬಾಗಿಲು ತೆರೆಯಿತು. ತೊಳೆದ ಮುಖದಿಂದ ಇನ್ನೂ ನೀರು ಇಳಿಯುತ್ತಿತ್ತು. ಅವಳು ತಾಯಿಯನ್ನು ನೋಡಲಿಲ್ಲ, ಗಂಡನನ್ನು ನೋಡಲಿಲ್ಲ. ಜನರ ನಡುವೆ ನೇರವಾಗಿ ನಡೆದು ಬಂದು, ಕೆಂಪು ಶೆಡ್ಡಿನವನನ್ನು ಮೊಣಕೈಯಿಂದ ಸರಿಸಿ, ಖಾಲಿಯಿದ್ದ ಕೊನೆಯ ಕೆಳಗೆ ಬಗ್ಗಿದಳು.

“ನೀನ್ಯಾಕಮ್ಮಾ, ಭಾರ ಇದೆ…”

ಅವಳು ಮರವನ್ನು ಗಟ್ಟಿಯಾಗಿ ಹಿಡಿದಳು. “ಎತ್ತಿ,” ಎಂದಳು, ಯಾರಿಗೆಂದಿಲ್ಲದೆ.

ಎತ್ತಿದರು. ಅವಳು ಗಂಡನ ಭುಜಕ್ಕಿಂತ ಗಿಡ್ಡ. ಗೇಟು ದಾಟುವಾಗಲೇ ಚಟ್ಟ ಅವಳ ಕಡೆಗೆ ವಾಲಿತು. ಭಾರವೆಲ್ಲ ಹರಿದು ಅವಳ ಕತ್ತಿನ ಬುಡಕ್ಕೆ ಬಂತು. ಅವಳು ಹಲ್ಲು ಕಚ್ಚಿ ಮುಂದಿನ ಹೆಜ್ಜೆಯಿಟ್ಟಳು. ಅಳಿಯ ಪಕ್ಕಕ್ಕೆ ನೋಡಲಿಲ್ಲ. ಮೊಣಕಾಲುಗಳನ್ನು ಬಗ್ಗಿಸಿದ, ಇನ್ನೂ ಸ್ವಲ್ಪ ಬಗ್ಗಿಸಿದ, ಮಾವನ ಮೈ ಸಮನಾಗುವವರೆಗೆ. ಹಾಗೆ ಅರ್ಧ ಕೂತ ಭಂಗಿಯಲ್ಲೇ, ತೊಡೆ ನಡುಗುತ್ತಿದ್ದರೂ, ಬೀದಿಯ ಕೊನೆಯವರೆಗೂ ನಡೆದ.